ಆಟವನ್ನು ಬರೆದಿಡುವ ಹವ್ಯಾಸ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯಿಂದ ಕವಿಗಳೂ ವಿದ್ವಾಂಸರೂ ಮಾತನಾಡುವುದು ವಾಡಿಕೆ. ನಾನು ಆ ಎರಡು ಪಂಕ್ತಿಗಳಲ್ಲಿ ಯಾವುದಕ್ಕೂ ಸೇರಿದವನಲ್ಲ. ವಾರವೆಲ್ಲ ಹೊಟ್ಟೆಪಾಡಿನ ಕೆಲಸ. ರಜೆಯ ದಿನ ಕೈಯಲ್ಲೊಂದು ನೋಟುಬುಕ್ಕು ಹಿಡಿದು ಆಟದ ಬಯಲಿನ ಅಂಚಿನಲ್ಲಿ ಕುಳಿತು, ಯಾರು ಆಡಿದರು, ಎಷ್ಟು ಅಂಕ ಗಳಿಸಿದರು, ಪಂದ್ಯ ಹೇಗೆ ಮುಗಿಯಿತು ಎಂಬುದನ್ನು ಬರೆದುಕೊಳ್ಳುವುದು, ರಾತ್ರಿ ಮನೆಗೆ ಬಂದು ಅದನ್ನು ನಾಲ್ಕು ಜನ ಓದುವಂತೆ ಕನ್ನಡದಲ್ಲಿ ತಿದ್ದಿ ಬರೆಯುವುದು, ಇಷ್ಟೇ ನನ್ನ ಹವ್ಯಾಸ. ಇದಕ್ಕೆ ಸಂಬಳವಿಲ್ಲ, ಯಾವ ಪತ್ರಿಕೆಯ ನೇಮಕವೂ ಇಲ್ಲ. ಅಂತಹವನನ್ನು ಕರೆದು ಆ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಅವರ ವಿಶ್ವಾಸಕ್ಕೆ ಕೃತಜ್ಞನಾಗಿದ್ದೇನೆ.

‘ಹವ್ಯಾಸಿ’ ಎಂಬ ಮಾತನ್ನು ನಾವು ತುಸು ಹಗುರವಾಗಿಯೇ ಬಳಸುತ್ತೇವೆ. ಕೆಲಸ ಬಾರದವನು, ಹೊತ್ತು ಕಳೆಯಲು ಏನೋ ಮಾಡತಕ್ಕವನು ಎಂಬ ಭಾವನೆ ಅದರೊಳಗೆ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಂವಾದಿಯಾದ ‘ಅಮೆಚೂರ್’ ಎಂಬ ಶಬ್ದವಾದರೋ ಲ್ಯಾಟಿನ್ ಮೂಲದ್ದು. ಪ್ರೀತಿಸುವವನು ಎಂಬುದು ಅದರ ಮೂಲಾರ್ಥ. ಕ್ರೀಡೆಯ ಇತಿಹಾಸವನ್ನು ನೋಡಿದರೆ ಈ ಮೂಲಾರ್ಥವೇ ಸರಿಯೆಂದು ತೋರುತ್ತದೆ. ಆಟಗಳ ಲೆಕ್ಕವನ್ನು ಜಗತ್ತಿಗೆ ಉಳಿಸಿಕೊಟ್ಟವರಲ್ಲಿ ಬಹು ಮಂದಿ ಸಂಬಳಕ್ಕಾಗಿ ಬರೆದವರಲ್ಲ.

ಒಂದು ಉದಾಹರಣೆಯನ್ನು ತಮ್ಮ ಮುಂದಿಡುತ್ತೇನೆ. ಇಂಗ್ಲೆಂಡಿನಲ್ಲಿ ಆರ್ಥರ್ ಹೇಗಾರ್ತ್ ಎಂಬವರಿದ್ದರು. 1825ರಲ್ಲಿ ಹುಟ್ಟಿ 1903ರಲ್ಲಿ ತೀರಿಕೊಂಡ ಇವರು ಸ್ವತಃ ಕ್ರಿಕೆಟ್ ಆಟಗಾರರು. ಆದರೆ ಇಂದು ಅವರ ಹೆಸರು ಉಳಿದಿರುವುದು ಅವರ ಆಟದಿಂದಲ್ಲ. ಹದಿನೆಂಟನೆಯ ಶತಮಾನದಿಂದ ಮೊದಲ್ಗೊಂಡು ತಮ್ಮ ಕಾಲದವರೆಗೆ ನಡೆದ ಪಂದ್ಯಗಳ ಅಂಕಪಟ್ಟಿಗಳನ್ನೂ ಆಟಗಾರರ ಸಂಕ್ಷಿಪ್ತ ಜೀವನ ಚರಿತ್ರೆಗಳನ್ನೂ ಕಲೆಹಾಕುವುದರಲ್ಲಿ ಅವರು ತಮ್ಮ ಆಯುಷ್ಯವನ್ನೇ ಸವೆಯಿಸಿದರು. ಆ ಗ್ರಂಥಮಾಲೆಯ ಮೊದಲ ಸಂಪುಟಗಳು 1862ರಲ್ಲಿ ಹೊರಬಂದವು. ಹದಿನೈದನೆಯ ಸಂಪುಟ ಅಚ್ಚಾದುದು 1925ರಲ್ಲಿ, ಅವರು ಕಾಲವಾಗಿ 22 ವರ್ಷಗಳು ಸಂದ ಮೇಲೆ. ಇಂದು ಆ ಕಾಲದ ಕ್ರಿಕೆಟ್ಟಿನ ವಿಷಯವಾಗಿ ಬರೆಯುವವರು ಹೇಗಾರ್ತರ ಪುಟಗಳನ್ನು ತಿರುವಿ ಹಾಕದೆ ಮುಂದೆ ಹೋಗಲಾರರು.

ನಮ್ಮ ದೇಶದಲ್ಲಿಯೂ ಇಂತಹವರಿಗೆ ಕೊರತೆಯಿಲ್ಲ. ಮುಂಬಯಿಯ ಆನಂದಜಿ ಡೋಸಾ ಅವರು ಕ್ರಿಕೆಟ್ಟಿನ ಅಂಕಿ-ಅಂಶಗಳನ್ನು ದಶಕಗಳ ಕಾಲ ಕಲೆಹಾಕಿ, ಆಕಾಶವಾಣಿಯ ವೀಕ್ಷಕ ವಿವರಣೆಗೂ ಅವನ್ನು ಒದಗಿಸಿದವರು. ಕಾಲ್ಚೆಂಡಿನ ವಿಷಯದಲ್ಲಿ 1994ರಲ್ಲಿ ಯೂರೋಪಿನ ಮೂವರು ಉತ್ಸಾಹಿಗಳು ಸೇರಿ ಪಂದ್ಯಗಳ ಫಲಿತಾಂಶಗಳನ್ನು ಕೂಡಿಡುವ ಒಂದು ಭಂಡಾರವನ್ನು ಕಟ್ಟತೊಡಗಿದರು. ಇಂದು ಅದರಲ್ಲಿ ನಾವು ಹೆಸರನ್ನೇ ಕೇಳದ ದ್ವೀಪಗಳ ಲೀಗ್ ಪಂದ್ಯಗಳ ಫಲಿತಾಂಶಗಳೂ ದೊರೆಯುತ್ತವೆ. ಆ ಕೆಲಸಕ್ಕೂ ಸಂಬಳವಿಲ್ಲ. ಊರೂರಿನಲ್ಲಿ ಕುಳಿತ ಪ್ರೇಮಿಗಳು ತಂತಮ್ಮ ಊರಿನ ಲೆಕ್ಕವನ್ನು ಬರೆದು ಕಳುಹಿಸಿದುದರ ಫಲ ಅದು.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. ಮಂಜೇಶ್ವರದ ಗೋವಿಂದ ಪೈಗಳನ್ನು ನಾವು ರಾಷ್ಟ್ರಕವಿಗಳೆಂದು ಗೌರವಿಸುತ್ತೇವೆ. ಅವರು ಕವಿಗಳಾಗಿದ್ದಷ್ಟೇ ದೊಡ್ಡ ಸಂಶೋಧಕರೂ ಆಗಿದ್ದರು. ಒಬ್ಬ ಕವಿ ಯಾವ ಕಾಲದವನು, ಒಂದು ಘಟನೆ ಯಾವ ವರ್ಷ ನಡೆಯಿತು ಎಂಬುದನ್ನು ನಿರ್ಣಯಿಸುವುದಕ್ಕಾಗಿ ಅವರು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಹಿಂದಿನವರು ತಾರೀಖನ್ನು ಬರೆದಿಟ್ಟಿದ್ದರೆ ಆ ಶ್ರಮದ ಬಹುಪಾಲು ಉಳಿಯುತ್ತಿತ್ತು. ಬಯಲಿನ ಅಂಚಿನಲ್ಲಿ ಕುಳಿತು ತಾರೀಖು ಬರೆಯುವಾಗ ನನಗೆ ಎಷ್ಟೋ ಸಲ ಆ ಹಿರಿಯರ ನೆನಪಾಗುತ್ತದೆ. ಕಾವ್ಯಕ್ಕೂ ಕಬಡ್ಡಿಗೂ ಎತ್ತಣ ಸಂಬಂಧವೆಂದು ತಾವು ನಗಬಹುದು. ಆದರೆ ವರ್ಷ ತಿಳಿಯದ ಸಂಗತಿ ಎರಡು ತಲೆಮಾರುಗಳಲ್ಲಿ ಕಟ್ಟುಕತೆಯಾಗಿಬಿಡುತ್ತದೆ ಎಂಬುದು ಎರಡಕ್ಕೂ ಸಮಾನವಾಗಿ ಸಲ್ಲುವ ಮಾತು.

ಗಡಿನಾಡಿನವರಾದ ನಮಗೆ ಈ ಕೆಲಸ ಇತರರಿಗಿಂತ ಹೆಚ್ಚು ಅಗತ್ಯವಾದುದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ಆಡುವುದು ಕೇರಳದ ಶಾಲಾ ಕ್ರೀಡಾಕೂಟಗಳಲ್ಲಿ. ನಾವು ಓದುವ ಕನ್ನಡ ಪತ್ರಿಕೆಗಳು ಬರುವುದು ಮಂಗಳೂರಿನ ಕಡೆಯಿಂದ. ಉಪಜಿಲ್ಲೆಯ ಮಟ್ಟದಲ್ಲಿ ಓಡಿ ಗೆದ್ದ ನಮ್ಮ ಹುಡುಗಿಯ ಹೆಸರು ಇಲ್ಲಿನ ಮಲಯಾಳ ಪತ್ರಿಕೆಯಲ್ಲಿ ಬಂದರೆ ಅವಳ ಅಜ್ಜಿಗೆ ಓದಲಾಗುವುದಿಲ್ಲ. ಅಲ್ಲಿನ ಕನ್ನಡ ಪತ್ರಿಕೆಗೆ ಅದು ಹೊರರಾಜ್ಯದ ಕೂಟವಾಗಿ ಕಾಣುವುದು ಸಹಜ. ಇದರಲ್ಲಿ ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಅವರವರ ಪುಟಗಳು ಅವರವರ ಓದುಗರಿಗೆ. ನಮ್ಮ ಊರಿನ ಆಟವನ್ನು ನಮ್ಮ ಮಾತಿನಲ್ಲಿ ಬರೆಯುವ ಹೊಣೆ ನಮ್ಮದೇ ಎಂಬುದಷ್ಟೇ ಇದರಿಂದ ತಿಳಿಯತಕ್ಕದ್ದು.

ಕೆಲವು ವರ್ಷಗಳ ಹಿಂದೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಒಬ್ಬರು ರಜೆಯಲ್ಲಿ ಊರಿಗೆ ಬಂದಿದ್ದಾಗ, ಯಾರೋ ಹೇಳಿದರೆಂದು ನನ್ನ ಮನೆಗೆ ಬಂದರು. ಶಾಲೆಯಲ್ಲಿದ್ದಾಗ ತಾನು ಒಂದು ವಾಲಿಬಾಲ್ ಪಂದ್ಯಾಟದ ಅಂತಿಮ ಪಂದ್ಯವನ್ನು ಆಡಿದ್ದುಂಟೆಂದೂ ತನ್ನ ಮಗಳು ಅದನ್ನು ನಂಬುವುದಿಲ್ಲವೆಂದೂ ಹೇಳಿದರು. ಹಳೆಯ ನೋಟುಬುಕ್ಕುಗಳನ್ನು ತೆಗೆದು ಹುಡುಕಿದೆವು. ಆ ಪಂದ್ಯದ ಪುಟ ದೊರೆಯಿತು. ಅವರ ತಂಡ ಸೋತಿತ್ತು. ಅವರು ಮೂರನೆಯ ಸೆಟ್ಟಿನಲ್ಲಿ ಬದಲಿ ಆಟಗಾರನಾಗಿ ಇಳಿದುದನ್ನು ಎರಡು ಸಾಲುಗಳಲ್ಲಿ ಬರೆದಿತ್ತು. ಮರುದಿನ ಮಗಳನ್ನು ಕರೆದುಕೊಂಡು ಬಂದರು. ಆ ಮಗು ಬೇರೆ ಮಾಧ್ಯಮದಲ್ಲಿ ಓದುತ್ತಿರುವುದು. ತಂದೆಯ ಹೆಸರಿರುವ ಆ ಎರಡು ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿ ಮುಗಿಸಿತು. ಮತ್ತೆ ಹಿಂದಿನ ಪುಟದಲ್ಲಿ ಏನಿದೆಯೆಂದು ಕೇಳಿತು. ಕನ್ನಡವನ್ನು ಓದಬೇಕೆಂದು ನಾವು ಮಕ್ಕಳಿಗೆ ಉಪದೇಶಿಸುತ್ತೇವೆ. ಅವರಾಗಿಯೇ ಓದಬೇಕೆನ್ನಿಸುವ ಸಂಗತಿ ಕನ್ನಡದಲ್ಲಿ ಇದೆಯೇ ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ.

ಈಗ ಈ ಕೆಲಸದ ರೀತಿಯನ್ನು ಕುರಿತು ಹೇಳುತ್ತೇನೆ. ಇಲ್ಲಿ ನೆರೆದ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಇದನ್ನು ಕೈಗೊಳ್ಳಲಿ ಎಂಬುದು ನನ್ನ ಆಸೆ.

ಮೊದಲನೆಯದು ನಿಖರತೆ. ಕ್ರಿಕೆಟ್ಟಿನ ಲೆಕ್ಕ ನಮ್ಮ ಅಡಿಕೆ ಮಂಡಿಯ ಜಮೆ-ಖರ್ಚಿನಂತೆ ಎರಡು ಕಡೆಯಿಂದ ತಾಳೆಯಾಗತಕ್ಕದ್ದು. ದಾಂಡಿಗರೆಲ್ಲ ಗಳಿಸಿದ ಓಟಗಳಿಗೆ ಇತರೆ ಓಟಗಳನ್ನು ಕೂಡಿದರೆ ಒಂದು ಮೊತ್ತ ಬರುತ್ತದೆ. ಚೆಂಡೆಸೆದವರೆಲ್ಲ ಬಿಟ್ಟುಕೊಟ್ಟ ಓಟಗಳಿಗೆ ಬೈ ಮತ್ತು ಲೆಗ್‌ಬೈ ಓಟಗಳನ್ನು ಕೂಡಿದರೂ ಅದೇ ಮೊತ್ತ ಬರಬೇಕು. ಬಾರದಿದ್ದರೆ ಎಲ್ಲಿಯೋ ಒಂದು ಚೆಂಡಿನ ಲೆಕ್ಕ ಬಿಟ್ಟುಹೋಗಿದೆ ಎಂದರ್ಥ. ಒಂದೆರಡು ಓಟಗಳ ವ್ಯತ್ಯಾಸದಿಂದ ಏನಾಗುವುದೆಂದು ಕೇಳುವವರಿಗೆ 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ನಡೆದ ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯವೇ ಉತ್ತರ. ಕೇರಳ ಮೊದಲ ಸರದಿಯಲ್ಲಿ 457 ಓಟ ಗಳಿಸಿತು. ಅದರಲ್ಲಿ ಔಟಾಗದೆ 177 ಓಟ ಗಳಿಸಿದವರು ನಮ್ಮ ಕಾಸರಗೋಡಿನ ಮೊಹಮ್ಮದ್ ಅಜರುದ್ದೀನ್. ಗುಜರಾತು 455ಕ್ಕೆ ಮುಗಿಯಿತು. ಆ ಎರಡೇ ಓಟಗಳ ಮುನ್ನಡೆಯಿಂದ ಕೇರಳ ಮೊತ್ತಮೊದಲ ಬಾರಿಗೆ ರಣಜಿಯ ಅಂತಿಮ ಪಂದ್ಯವನ್ನು ಮುಟ್ಟಿತು.

ಲೆಕ್ಕದ ಒಂದು ಸಾಲು ಎಷ್ಟನ್ನು ಹೇಳಬಲ್ಲುದೆಂಬುದಕ್ಕೆ ನಮ್ಮ ಕುಂಬಳೆಯ ಹೆಸರನ್ನು ಹೊತ್ತ ಅನಿಲ್ ಕುಂಬ್ಳೆಯವರ ಸಾಧನೆ ಸಾಕ್ಷಿ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಎದುರು ಅವರ ಲೆಕ್ಕ ಹೀಗಿದೆ: 26.3 ಓವರು, ಓಟ ಕೊಡದವು 9, ಕೊಟ್ಟ ಓಟ 74, ಪಡೆದ ವಿಕೆಟ್ 10. ಟೆಸ್ಟ್ ಕ್ರಿಕೆಟ್ಟಿನಲ್ಲಿ ಒಂದೇ ಸರದಿಯ ಹತ್ತು ವಿಕೆಟ್‌ಗಳನ್ನೂ ಪಡೆದವರು ಅವರಿಗಿಂತ ಮೊದಲು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್. ಅನಂತರ 2021ರಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್. ಕುಂಬ್ಳೆಯವರ ಆ ದಿನದ ಆಟವನ್ನು ಕಣ್ಣಾರೆ ಕಾಣದವನಿಗೂ ಈ ನಾಲ್ಕು ಅಂಕಿಗಳು ಬಹಳವನ್ನು ಹೇಳುತ್ತವೆ.

ಕಬಡ್ಡಿಯ ಲೆಕ್ಕ ಇದಕ್ಕಿಂತ ಕಷ್ಟದ್ದು. ಅದರ ವೇಗ ಅಂತಹುದು. ನಿಯಮದಂತೆ ಪುರುಷರ ಪಂದ್ಯ ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿಗಳದು. ಒಂದು ದಾಳಿಗೆ ಹೆಚ್ಚೆಂದರೆ 30 ಸೆಕೆಂಡು. ಅಂದಮೇಲೆ ಒಂದು ಪಂದ್ಯದಲ್ಲಿ ಸುಮಾರು ಎಂಬತ್ತು ದಾಳಿಗಳನ್ನಾದರೂ ಬರೆದುಕೊಳ್ಳಬೇಕಾಗುತ್ತದೆ. ನಾನು ಪುಟದ ನಡುವೆ ಗೆರೆ ಎಳೆದು ಎರಡು ತಂಡಗಳನ್ನು ಎರಡು ಬದಿಗೆ ಬರೆಯುತ್ತೇನೆ. ದಾಳಿಗಾರನ ಅಂಗಿಯ ಸಂಖ್ಯೆ. ಮುಟ್ಟಿ ಬಂದರೆ ಒಂದು ಚುಕ್ಕೆ, ಹಿಡಿಯಲ್ಪಟ್ಟರೆ ಒಂದು ಕತ್ತರಿ ಗುರುತು, ಬೋನಸ್ ಗೆರೆ ದಾಟಿದರೆ ಒಂದು ‘ಬೋ’, ಬರಿಗೈಯಲ್ಲಿ ಬಂದರೆ ಸೊನ್ನೆ. ಇಡೀ ತಂಡ ಔಟಾಗಿ ಎದುರಾಳಿಗೆ ಎರಡು ಅಂಕ ಸಿಕ್ಕರೆ ಅಡ್ಡಗೆರೆ ಎಳೆಯುತ್ತೇನೆ. ಹಳ್ಳಿಯ ಪಂದ್ಯಾಟಗಳಲ್ಲಿ ತಂಡಗಳು ಹೆಚ್ಚಿದ್ದು ಹೊತ್ತು ಕಡಮೆಯಿದ್ದರೆ ಅವಧಿಯನ್ನು ಮೊಟಕು ಮಾಡುವುದುಂಟು. ಹಾಗಿದ್ದರೆ ಅದನ್ನೂ ಬರೆಯಬೇಕು. ಇಪ್ಪತ್ತು ನಿಮಿಷದ ಪಂದ್ಯದ ಅಂಕವನ್ನು ನಲುವತ್ತು ನಿಮಿಷದ ಪಂದ್ಯದ ಅಂಕದೊಡನೆ ಹೋಲಿಸುವುದು ನ್ಯಾಯವಲ್ಲ.

ಈ ಹೋಲಿಕೆಯ ಮಾತು ಬಂದುದರಿಂದ ಕಂಬಳವನ್ನು ನೆನೆಯಬೇಕು. 2020ರ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳದಲ್ಲಿ ನಡೆದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದಾಖಲಾಯಿತು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡು ಎಂದಾಯಿತು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ 9.58 ಸೆಕೆಂಡನ್ನು ಇದು ಮೀರಿಸಿತೆಂದು ಸುದ್ದಿ ಲೋಕವನ್ನೆಲ್ಲ ಸುತ್ತಿತು. ಆ ಸುದ್ದಿಯಲ್ಲಿ ಬಿಟ್ಟುಹೋದುದು ಬಯಲಿನ ಅಂಚಿನಲ್ಲಿ ಕುಳಿತವನಿಗೆ ಗೊತ್ತಿರುವ ಸಂಗತಿ. ಕಂಬಳದಲ್ಲಿ ಓಟಗಾರನ ಮುಂದೆ ಒಂದು ಜೊತೆ ಕೋಣಗಳಿವೆ. ಅವುಗಳ ಬಲವೂ ಅವನ ವೇಗದಲ್ಲಿ ಸೇರಿದೆ. ಅವನ ಕಾಲಡಿಯಲ್ಲಿ ಕೆಸರು ನೀರಿದೆ. ಬೋಲ್ಟರದು ನಿಂತ ಸ್ಥಳದಿಂದ ಒಬ್ಬಂಟಿಯಾಗಿ ನೂರೇ ಮೀಟರು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದಾಗ ಕಂಬಳದ ಓಟಗಾರನಿಗೆ ಗೌರವ ಹೆಚ್ಚಿದಂತೆ ಕಂಡರೂ ಅವನ ನಿಜವಾದ ವಿದ್ಯೆ ಮರೆಯಾಗುತ್ತದೆ. ಮದವೇರಿ ಓಡುವ ಕೋಣಗಳ ಹಿಂದೆ ಆಯ ತಪ್ಪದೆ, ಅವುಗಳ ಗತಿಗೆ ತನ್ನ ಹೆಜ್ಜೆ ಹೊಂದಿಸಿ, ಕರೆಯ ತುದಿಯವರೆಗೆ ಅವನ್ನು ನೇರ ನಡೆಸುವುದು ಆ ವಿದ್ಯೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿಗೆ ಒಂದೊಂದಕ್ಕೂ ಬೇರೆ ಬೇರೆ ನೈಪುಣ್ಯ ಬೇಕು. ಕಂಬಳವನ್ನು ಕಂಬಳವಾಗಿಯೇ ಬರೆಯಬಲ್ಲವರು ಆ ಗದ್ದೆಯ ಬದಿಯಲ್ಲಿ ಬೆಳೆದವರು. ಅವರು ಬರೆಯದೆ ಉಳಿದರೆ ದೂರದವರ ಭಾಗಾಕಾರವೇ ಚರಿತ್ರೆಯಾಗಿ ನಿಲ್ಲುತ್ತದೆ.

ಎರಡನೆಯದು, ಸೋತವರ ಲೆಕ್ಕ. ಗೆದ್ದವರ ಹೆಸರು ಟ್ರೋಫಿಯ ಮೇಲಾದರೂ ಉಳಿಯುತ್ತದೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ ಕೂಟದಲ್ಲಿ 400 ಮೀಟರು ಹರ್ಡಲ್ಸ್ ಓಟದಲ್ಲಿ ಕೇರಳದ ಪಿ. ಟಿ. ಉಷಾ ನಾಲ್ಕನೆಯವರಾದರು. ಅವರ ಕಾಲ 55.42 ಸೆಕೆಂಡು, ಕಂಚು ಗೆದ್ದವರದು 55.41. ಪದಕಗಳ ಪಟ್ಟಿಯನ್ನಷ್ಟೇ ಬರೆದಿಟ್ಟಿದ್ದರೆ ಸೆಕೆಂಡಿನ ನೂರರಲ್ಲಿ ಒಂದಂಶದ ಆ ಕಥೆ ನಮಗೆ ತಿಳಿಯುತ್ತಿರಲಿಲ್ಲ. ಆ ಓಟವನ್ನು ನೆನೆದು ಕಾಲಿಗೆ ಬಲ ತಂದುಕೊಂಡ ಹೆಣ್ಣುಮಕ್ಕಳು ಎಷ್ಟು ಮಂದಿಯೋ! ಆದುದರಿಂದ ನಮ್ಮ ಊರಿನ ಪಂದ್ಯಾಟಗಳಲ್ಲಿಯೂ ಮೊದಲ ಸುತ್ತಿನಲ್ಲಿ ಸೋತು ಸಂಜೆಯ ಮೊದಲೇ ಬಸ್ಸು ಹಿಡಿದು ಹೋದ ತಂಡದ ಹೆಸರನ್ನೂ ಆಟಗಾರರ ಹೆಸರುಗಳನ್ನೂ ಬರೆಯಬೇಕು. ಹುಡುಗಿಯರ ಪಂದ್ಯಗಳನ್ನಂತೂ ಬಿಡಲೇಬಾರದು. ಅವು ಬಹುತೇಕ ಬೆಳಗಿನ ಹೊತ್ತು, ನೋಡುವವರು ಸೇರುವುದಕ್ಕೆ ಮೊದಲೇ ಮುಗಿದುಹೋಗುತ್ತವೆ. ಬರೆಯುವವನು ಮುಂಜಾನೆಯೇ ಹೋಗಿ ಕೂರಬೇಕು.

ಮೂರನೆಯದು ಸ್ವಾತಂತ್ರ್ಯ. ಇದು ಹವ್ಯಾಸಿಯ ದೊಡ್ಡ ಸಂಪತ್ತು, ಕಳೆದುಕೊಳ್ಳುವುದೂ ಸುಲಭ. ಸಂಘಟಕರು ಬರೆಯುವವನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ; ಊಟಕ್ಕೆ ಎಬ್ಬಿಸುತ್ತಾರೆ. ಆ ಮೇಲೆ ತೀರ್ಪುಗಾರರ ತೀರ್ಮಾನದ ಬಗ್ಗೆ ಎದ್ದ ಗಲಾಟೆಯನ್ನು ಬರೆಯದಿದ್ದರೆ ಒಳ್ಳೆಯದೆಂದು ಮೆಲ್ಲಗೆ ಹೇಳುತ್ತಾರೆ. ಹೀಗೆ ಹೇಳಿದವರು ನನಗೆ ಒಂದಲ್ಲ, ಹಲವು ಸಲ ದೊರೆತಿದ್ದಾರೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಊರಿನ ಮಾನದ ಚಿಂತೆ ಅವರದು. ಆದರೂ ಬರೆಯುವವನು ತನ್ನ ಚಹಾದ ದುಡ್ಡನ್ನು ತಾನೇ ಕೊಡುವುದು ಮೇಲು. ಅಂತೆಯೇ ತನ್ನ ಸ್ವಂತ ಊರಿನ ತಂಡ ಆಡುವಾಗ ಕಣ್ಣು ಇನ್ನಷ್ಟು ಎಚ್ಚರವಾಗಿರಬೇಕು. ತೀರ್ಪುಗಾರನನ್ನು ಬಯ್ಯುವುದು ಸುಲಭ; ಅವನು ನಿಂತ ಜಾಗದಿಂದ ಏನು ಕಂಡಿತೆಂದು ವಿಚಾರಿಸಿ ಬರೆಯುವುದು ನಮ್ಮ ಕೆಲಸ. ಆಡಿದವರು ಮಕ್ಕಳಾಗಿದ್ದರೆ ಮತ್ತೂ ಒಂದು ಮರ್ಯಾದೆ ಉಂಟು. ಮಗುವಿನ ಪೆಟ್ಟು, ಅಳು, ಮನೆಯ ಕಷ್ಟ ಇವುಗಳು ಬರೆಯತಕ್ಕ ವಿಷಯಗಳಲ್ಲ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಫೋಟೋ ಹಾಕಲೂ ಬಾರದು.

ನಾಲ್ಕನೆಯದು ಭಾಷೆ. ಕನ್ನಡ ಪತ್ರಿಕೆಗಳು ಹಿಂದೆ ವಿಕೆಟ್ಟಿಗೆ ‘ಹುದ್ದರಿ’ ಎಂಬ ಶಬ್ದವನ್ನು ಬಳಸಿದುದುಂಟು. ದಾಂಡಿಗ, ಓಟ, ಗೂಟ, ಪಂದ್ಯ ಎಂಬವು ಓದುಗರ ಬಾಯಲ್ಲಿ ನೆಲೆಸಿದವು. ಹುದ್ದರಿ ಅಷ್ಟಾಗಿ ನೆಲೆಸಲಿಲ್ಲ. ಬಯಲಿನಲ್ಲಿ ಹುಡುಗರು ಔಟ್, ವಿಕೆಟ್, ರೈಡ್ ಎಂದೇ ಕೂಗುತ್ತಾರೆ. ಅಂತಹ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲು ನಾಚಬೇಕಾಗಿಲ್ಲ. ಆದರೆ ಲಗೋರಿ, ಚಿನ್ನಿದಾಂಡು, ಚೆನ್ನೆಮಣೆ ಮೊದಲಾದ ನಮ್ಮವೇ ಆಟಗಳಲ್ಲಿ ಹುಟ್ಟಿದ ಮಾತುಗಳಿವೆ. ಒಂದೊಂದು ಊರಿನಲ್ಲಿ ಒಂದೊಂದು ಬಗೆ; ತುಳು, ಕನ್ನಡ, ಮಲಯಾಳ, ಮರಾಠಿ, ಕೊಂಕಣಿ ಮಾತನಾಡುವವರ ಮಕ್ಕಳು ಒಂದೇ ಅಂಗಳದಲ್ಲಿ ಆಡಿದುದರ ಗುರುತು ಆ ಮಾತುಗಳಲ್ಲಿದೆ. ಈ ಆಟಗಳ ನಿಯಮಗಳನ್ನು ಯಾವ ಒಕ್ಕೂಟವೂ ನಮ್ಮ ಊರಿನ ಪದ್ಧತಿಯಂತೆ ಅಚ್ಚು ಹಾಕಿಸಿಲ್ಲ. ಅವು ಇರುವುದು ಹಿರಿಯರ ನೆನಪಿನಲ್ಲಿ ಮಾತ್ರ. ಚೆನ್ನೆಮಣೆಯಲ್ಲಿ ಎಷ್ಟು ಕಾಯಿಗಳಿಂದ ಆಟ ಹೂಡುತ್ತಿದ್ದರು, ಯಾವ ಮನೆಗೆ ಬಂದರೆ ಯಾರು ಗೆದ್ದಂತೆ ಎಂಬುದನ್ನು ಅಜ್ಜಿಯ ಬಳಿ ಕುಳಿತು ಕೇಳಿ ಬರೆದುಕೊಳ್ಳುವುದೂ ಕ್ರೀಡಾ ಬರಹವೇ ಸರಿ.

ಇಷ್ಟೆಲ್ಲ ಹೇಳಿದ ಮೇಲೆ ಸಂಘದ ಮುಂದೆ ಒಂದೆರಡು ಸೂಚನೆಗಳನ್ನಿಡುವುದು ನನ್ನ ಕರ್ತವ್ಯ. ಕೇರಳದಲ್ಲಿ 1945ರಲ್ಲಿ ಪಿ. ಎನ್. ಪಣಿಕ್ಕರರ ನೇತೃತ್ವದಲ್ಲಿ ಗ್ರಂಥಶಾಲಾ ಸಂಘ ಹುಟ್ಟಿ, ಊರೂರಿನಲ್ಲಿ ವಾಚನಾಲಯಗಳು ಬೆಳೆದವು. ನಾವು ಈ ರಾಜ್ಯದಲ್ಲಿರುವುದರಿಂದ ದೊರೆತ ಒಳ್ಳೆಯ ಫಲಗಳಲ್ಲಿ ಅದೊಂದು. ನಮ್ಮ ಹಳ್ಳಿಗಳಲ್ಲಿ ಅನೇಕ ಕಡೆ ವಾಚನಾಲಯವೂ ಕಲಾ-ಕ್ರೀಡಾ ಸಂಘವೂ ಹತ್ತಿರ ಹತ್ತಿರವೇ ಇವೆ. ಆಡುವವರು ಒಂದು ಕಡೆ, ಓದುವವರು ಒಂದು ಕಡೆ. ನಡುವೆ ಬರೆಯುವವನೊಬ್ಬ ಬೇಕಾಗಿದ್ದಾನೆ. ಒಂದೊಂದು ಕನ್ನಡ ಶಾಲೆಯಿಂದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆರಿಸಿ, ಒಂದು ಗಟ್ಟಿ ರಟ್ಟಿನ ನೋಟುಬುಕ್ಕನ್ನೂ ಲೇಖನಿಯನ್ನೂ ಸಂಘದಿಂದ ಕೊಡೋಣ. ಪಂದ್ಯದ ತಾರೀಖು, ವರ್ಷ, ಸ್ಥಳ, ತಂಡಗಳು, ಆಟಗಾರರ ಪೂರ್ಣ ಹೆಸರು, ಅವಧಿ, ವಿರಾಮದ ಹೊತ್ತಿನ ಅಂಕ, ಕೊನೆಯ ಅಂಕ, ತೀರ್ಪುಗಾರರ ಹೆಸರು ಇಷ್ಟನ್ನು ತಪ್ಪದೆ ಬರೆಯುವಂತೆ ಕಲಿಸೋಣ. ಊರಿನ ಹೆಸರುಗಳನ್ನು ಹಿರಿಯರು ಹೇಳುವ ರೂಪದಲ್ಲಿಯೇ ಬರೆಯಲಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಒಳ್ಳೆಯದೇ. ಆದರೆ ಮೊಬೈಲು ಬದಲಾದಾಗ ಚಿತ್ರಗಳು ಕಳೆದುಹೋದುದನ್ನು ನಾವೆಲ್ಲ ಕಂಡಿದ್ದೇವೆ. ಆದಕಾರಣ ಕಾಗದದ ಪ್ರತಿಯೊಂದು ವಾಚನಾಲಯದ ಕಪಾಟಿನಲ್ಲಿರಲಿ. ವರ್ಷದ ಕೊನೆಗೆ ಅವೆಲ್ಲವನ್ನೂ ಕೂಡಿಸಿ ‘ವರ್ಷದ ಆಟೋಟ’ ಎಂದು ನಾಲ್ಕು ಪುಟಗಳನ್ನು ಈ ಸ್ಮರಣಸಂಚಿಕೆಯಲ್ಲಿಯೇ ಅಚ್ಚು ಹಾಕಿಸಬಹುದು.

ಇದಕ್ಕೆ ತಗಲುವ ಖರ್ಚು ಅಲ್ಪ. ಬೇಕಾದುದು ನಿಯಮಪಾಲನೆ. ಮೊದಲ ತಿಂಗಳ ಉತ್ಸಾಹ ಎಲ್ಲರಿಗೂ ಇರುತ್ತದೆ. ಜಡಿಮಳೆ ಹಿಡಿದು ಪಂದ್ಯ ನಿಂತ ದಿನವೂ ‘ಮಳೆಯಿಂದ ಆಟ ನಡೆಯಲಿಲ್ಲ’ ಎಂದು ಒಂದು ಸಾಲು ಬರೆಯುವ ತಾಳ್ಮೆ ಕೆಲವರಿಗೆ ಮಾತ್ರ. ಆ ಕೆಲವರು ನಮ್ಮ ಶಾಲೆಗಳಲ್ಲಿಯೇ ಇದ್ದಾರೆಂದು ನನ್ನ ದೃಢವಾದ ನಂಬಿಕೆ. ಬರುವ ಶನಿವಾರ ಮಧ್ಯಾಹ್ನ ನಾನು ಸಂಘದ ಕೋಣೆಯಲ್ಲಿರುತ್ತೇನೆ. ಅಂಕಪಟ್ಟಿ ಬರೆಯುವುದನ್ನು ಕಲಿಯಬೇಕೆಂಬ ಮಕ್ಕಳು ಬರಲಿ. ಹಳೆಯ ಆಟಗಳನ್ನು ಬಲ್ಲ ಹಿರಿಯರೂ ಬಂದರೆ ನಮ್ಮ ಭಾಗ್ಯ.